ಹಾಕ್ಕೊಂಡು ಓಡಾಡಿದ್ದೀರಲ್ಲ ಮೇಡಂ!

ಶೂ ಕೊಂಡು ಇನ್ನೂ ಮೂರು ವಾರ ಆಗಿರಲಿಲ್ಲ. ಒಂದು ಸಂಜೆ ಮೆಟ್ಟಿಲು ಹತ್ತುತ್ತಿದ್ದಾಗ ಬಲಗಾಲಿನ ಹತ್ತಿರ ಚಪ್, ಚಪ್ ಅಂತ ಸದ್ದು ಕೇಳಿಸಿತು. ಏನೋ ಅಂಟಿಕೊಂಡಿರಬೇಕು ಅಂದುಕೊಂಡೆ. ಬಗ್ಗಿ ನೋಡಿದರೆ ಅಟ್ಟೆ ಬಾಯಿ ಬಿಟ್ಟಿತ್ತು. ಹೆಬ್ಬೆರಳಿನ ತುದಿಯಿಂದ ಪಾದ ಬಾಗುವ ಜಾಗದ ತನಕ. ಹೆಜ್ಜೆ ಎತ್ತಿದರೆ ತೆರೆಯುತ್ತಿತ್ತು, ಊರಿದರೆ ಮುಚ್ಚುತ್ತಿತ್ತು. ಉಳಿದ ಮೆಟ್ಟಿಲನ್ನು ಕಾಲು ಎಳೆದುಕೊಂಡೇ ಹತ್ತಿದೆ.

ಆಮೇಲೆ ನಾನು ಮೊದಲು ಮಾಡಿದ ಕೆಲಸ ಏನು ಗೊತ್ತಾ? ನನ್ನನ್ನೇ ಅನುಮಾನಿಸಿದ್ದು. ಎಲ್ಲಾದರೂ ಎಡವಿದೆನಾ? ನೀರಿನಲ್ಲಿ ನೆನೆಸಿದೆನಾ? ನನ್ನ ನಡಿಗೆಯೇ ಸರಿ ಇಲ್ಲವಾ? ಫ್ಯಾನ್ ನಿಂತರೆ ಫ್ಯಾನ್ ಕೆಟ್ಟಿದೆ ಅನ್ನುತ್ತೇವೆ. ಗಡಿಯಾರ ನಿಂತರೆ ಗಡಿಯಾರ ಕೆಟ್ಟಿದೆ ಅನ್ನುತ್ತೇವೆ. ಚಪ್ಪಲಿ ಕಿತ್ತರೆ ಮಾತ್ರ "ನೀನು ಹೇಗೆ ಕಾಲು ಹಾಕ್ತೀಯೋ ಏನೋ" ಅನ್ನುವ ಮಾತು ಬರುತ್ತದೆ. ಚಿಕ್ಕಂದಿನಿಂದ ಕೇಳಿ ಕೇಳಿ ಅದು ಒಳಗೇ ಕೂತುಬಿಟ್ಟಿದೆ. ಈಗ ಬೇರೆ ಯಾರೂ ಹೇಳಬೇಕಾಗಿಲ್ಲ, ನಾನೇ ಹೇಳಿಕೊಳ್ಳುತ್ತೇನೆ.

ಎರಡನೆಯದು ನಾಚಿಕೆ. ಹಾಕಿ ಬಿಚ್ಚಿದ ಶೂ ಅದು. ಒಳಗೆ ಬೆವರಿನ ಗುರುತು ಇದೆ, ಕೆಳಗೆ ಮಣ್ಣಿದೆ. ಅದನ್ನು ತೆಗೆದುಕೊಂಡು ಹೋಗಿ ಹೊಳೆಯುವ ಕೌಂಟರ್ ಮೇಲೆ ಇಡುವುದು ಹೇಗೆ? ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಒಂದು ಕವರಿಗೆ ಹಾಕಿದೆ. ಕಾಣುತ್ತೆ ಅಂತ ಅದರ ಮೇಲೆ ಇನ್ನೊಂದು ಕವರ್ ಹಾಕಿದೆ. ಅಂಗಡಿಗೆ ಹೋಗುವ ತನಕ ಅದನ್ನು ಬೆನ್ನ ಹಿಂದೆಯೇ ಹಿಡಿದುಕೊಂಡಿದ್ದೆ. ನಾನು ದುಡ್ಡು ಕೊಟ್ಟು ಕೊಂಡ ವಸ್ತು ಅದು. ಕದ್ದ ಮಾಲಿನ ಹಾಗೆ ಮುಚ್ಚಿಟ್ಟುಕೊಂಡು ಯಾಕೆ ನಡೆದೆ ಅಂತ ಈಗ ನಗು ಬರುತ್ತದೆ. ಅವತ್ತು ಬಂದಿರಲಿಲ್ಲ.

ಅಂಗಡಿಯ ಹುಡುಗ ಶೂವನ್ನು ಎರಡು ಬೆರಳಲ್ಲಿ ಎತ್ತಿ ತಿರುಗಿಸಿ ನೋಡಿದ. ಬಾಯಿ ಬಿಟ್ಟ ಜಾಗವನ್ನು ನೋಡಲಿಲ್ಲ. ಅಟ್ಟೆಯ ಕೆಳಗಿನ ಸವೆತವನ್ನು ನೋಡಿದ.

"ಹಾಕ್ಕೊಂಡು ಓಡಾಡಿದ್ದೀರಲ್ಲ ಮೇಡಂ!"

ನನ್ನ ಹತ್ತಿರ ಉತ್ತರ ಇರಲಿಲ್ಲ. ಹೌದು, ಓಡಾಡಿದ್ದೆ.

"ಯೂಸ್ ಮಾಡಿದ್ದನ್ನ ವಾಪಸ್ ತಗೊಳ್ಳಲ್ಲ. ಬಿಲ್ ಹಿಂದೆ ಬರೆದಿದೆ ನೋಡಿ." ಬರೆದಿತ್ತು. ಗೋಡೆಯ ಮೇಲೂ ಒಂದು ಬೋರ್ಡ್ ತೂಗುತ್ತಿತ್ತು. ಆಮೇಲೆ ಅವನ ದನಿ ಸ್ವಲ್ಪ ಮೆತ್ತಗಾಯಿತು. "ನಾವು ಮಾರೋರಷ್ಟೆ. ಮಾಡೋರು ಕಂಪನಿಯವರು. ಅವರಿಗೆ ಬರೀರಿ. ಇಲ್ಲಾಂದ್ರೆ ಒಂಚೂರು ಗಮ್ ಹಾಕ್ಸಿ ಕೊಡ್ತೀನಿ, ಬೇಕಾ?"

ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಹೇಳಿಕೊಟ್ಟದ್ದನ್ನು ಅವನು ಹೇಳಿದ. ನನಗೆ ಸಿಟ್ಟು ಬಂದದ್ದು ನನ್ನ ಮೇಲೆ. "ಸರಿ ಬಿಡಿ, ನೋಡೋಣ" ಅಂದು ಕವರಿನೊಳಗೆ ಕವರ್ ಸೇರಿಸಿ ಹೊರಗೆ ಬಂದುಬಿಟ್ಟೆನಲ್ಲ, ಅದಕ್ಕೆ.

ದಾರಿಯುದ್ದಕ್ಕೂ ಆ ಮಾತು ತಲೆಯಲ್ಲಿ ಸುತ್ತುತ್ತಿತ್ತು. ಹಾಕ್ಕೊಂಡು ಓಡಾಡಿದ್ದೀರಲ್ಲ. ಮತ್ತೇನು ಮಾಡಬೇಕಿತ್ತು? ಶೂ ಇರುವುದೇ ಹಾಕಿಕೊಂಡು ಓಡಾಡಲಿಕ್ಕೆ. ಹಾಕಿಕೊಳ್ಳದೆ ಅದರ ಅಂಟು ಗಟ್ಟಿಯೋ ಟೊಳ್ಳೋ ಅಂತ ಯಾರಿಗೆ ಗೊತ್ತಾಗುತ್ತದೆ? ಅಂಗಡಿಯಲ್ಲಿ ನಾಲ್ಕು ಹೆಜ್ಜೆ ಹಾಕಿ ಕನ್ನಡಿಯಲ್ಲಿ ನೋಡಿದರೆ ಬಣ್ಣ ಕಾಣುತ್ತದೆ, ಅಳತೆ ತಿಳಿಯುತ್ತದೆ. ಒಳಗಿನ ಕೆಲಸ ಕಾಣುವುದಿಲ್ಲ. ಅದು ಕಾಣಬೇಕಾದರೆ ಅರವತ್ತು ಸಾವಿರ ಸಲ ಬಾಗಬೇಕು. ಸುಮ್ನೆ ಹೇಳುತ್ತಿಲ್ಲ, ಲೆಕ್ಕ ಹಾಕಿದ್ದೇನೆ. ದಿನಕ್ಕೆ ಆರು ಸಾವಿರ ಹೆಜ್ಜೆ ಅಂದರೆ ಒಂದೊಂದು ಕಾಲಿಗೆ ಮೂರು ಸಾವಿರ. ಇಪ್ಪತ್ತು ದಿನಕ್ಕೆ ಅರವತ್ತು ಸಾವಿರ. ಬಹಳ ಅನ್ನಿಸಬಹುದು. ಆದರೆ ಶೂ ಪಾಲಿಗೆ ಅದು ಇನ್ನೂ ಅಂಬೆಗಾಲಿನ ವಯಸ್ಸು. ಕಾಲ್ಚೀಲ, ಶೂ, ಅಟ್ಟೆ ಇವನ್ನೆಲ್ಲ ಪರೀಕ್ಷೆ ಮಾಡುವುದಕ್ಕೇ ಲ್ಯಾಬುಗಳಿವೆ. ಇಂಗ್ಲೆಂಡಿನ ಸಾಟ್ರಾ ಅನ್ನುವ ಸಂಸ್ಥೆ 1919ರಿಂದ ಪಾದರಕ್ಷೆಯ ಕೆಲಸದಲ್ಲಿದೆ. ಇಂಥ ಕಡೆ ಶೂವನ್ನು ಯಂತ್ರಕ್ಕೆ ಸಿಕ್ಕಿಸಿ ಸಾವಿರಗಟ್ಟಲೆ ಸಲ ಬಗ್ಗಿಸುತ್ತಾರೆ, ಅಟ್ಟೆ ಕೀಳಲು ಎಷ್ಟು ಬಲ ಬೇಕು ಅಂತ ಎಳೆದು ಅಳೆಯುತ್ತಾರೆ. ತಯಾರಕರಿಗೆ ಯಂತ್ರ ಇದೆ. ನಮಗೆ ಇರುವುದು ಕಾಲು ಮಾತ್ರ.

ಮರುದಿನ ಚಪ್ಪಲಿ ರಿಪೇರಿ ಮಾಡುವ ಒಬ್ಬ ಹಿರಿಯರ ಹತ್ತಿರ ಹೋದೆ. ಅಂಟು ಹಾಕಿಸಿಕೊಂಡು ಈ ರಗಳೆ ಮುಗಿಸೋಣ ಅನ್ನುವುದು ನನ್ನ ಉದ್ದೇಶ. ಅವರು ಶೂವನ್ನು ಮಡಿಲಿಗೆ ಹಾಕಿಕೊಂಡು ಬಾಯಿ ಬಿಟ್ಟ ಜಾಗಕ್ಕೆ ಹೆಬ್ಬೆರಳು ತೂರಿಸಿದರು. ಒಳಗೆಲ್ಲ ಸವರಿ ನೋಡಿದರು.

"ನೋಡಮ್ಮಾ ಇಲ್ಲಿ. ಅಂಟೆಲ್ಲ ಅಟ್ಟೆ ಕಡೆನೇ ನಿಂತಿದೆ. ಮೇಲಿನ ಚರ್ಮ ಬೋಳು. ಉಜ್ಜೇ ಇಲ್ಲ ಇದನ್ನ."

ನನಗೆ ಅರ್ಥವಾಗಲಿಲ್ಲ. ಅವರು ಬಿಡಿಸಿ ಹೇಳಿದರು. ಈಗಿನ ಬಹುಪಾಲು ಶೂಗಳಿಗೆ ಅಟ್ಟೆ ಹೊಲಿಯುವುದಿಲ್ಲ, ಅಂಟಿಸುತ್ತಾರೆ. ಕಾಲಿನ ಆಕಾರದ ಒಂದು ಅಚ್ಚಿನ ಮೇಲೆ ಚರ್ಮವನ್ನು ಎಳೆದು ಕೂರಿಸುತ್ತಾರೆ. ಅದರ ಅಂಚು ಅಡಿಗೆ ಮಡಚಿಕೊಳ್ಳುತ್ತದೆ. ಆ ಅಂಚಿನ ನುಣುಪನ್ನು ಉಜ್ಜಿ ಒರಟು ಮಾಡಬೇಕು. ಅಟ್ಟೆಯ ಮೇಲಿನ ಎಣ್ಣೆ ಜಿಡ್ಡನ್ನೂ ತೆಗೆಯಬೇಕು. ಎರಡಕ್ಕೂ ಅಂಟು ಸವರಿ, ಆರಲು ಬಿಟ್ಟು, ಬಿಸಿ ಮಾಡಿ, ಒತ್ತಿ ಹಿಡಿಯಬೇಕು. ಉಜ್ಜುವುದನ್ನು ಬಿಟ್ಟರೆ ಅಂಟು ಹಿಡಿದ ಹಾಗೆ ಕಾಣುತ್ತದೆ, ಹಿಡಿದಿರುವುದಿಲ್ಲ. ಎಡವಿ ಎಳೆದು ಕಿತ್ತುಹೋದ ಶೂ ಆದರೆ ಚರ್ಮ ಹರಿದಿರುತ್ತದೆ, ಗೀರು ಬಿದ್ದಿರುತ್ತದೆ, ಅಂಟು ಎರಡೂ ಕಡೆ ಪೊರೆಪೊರೆಯಾಗಿ ನಿಂತಿರುತ್ತದೆ. ನನ್ನ ಶೂನಲ್ಲಿ ಅಂಟೆಲ್ಲ ಒಂದೇ ಕಡೆಗೆ ಚೊಕ್ಕವಾಗಿ ಬಿಟ್ಟುಬಂದಿತ್ತು. ಹಾಲಿನ ಕೆನೆ ಎತ್ತಿದ ಹಾಗೆ.

"ಹಾಗಾದರೆ ನೀವೇ ಹಾಕಿಕೊಡಿ" ಅಂದೆ.

ಅವರು ಶೂವನ್ನು ವಾಪಸ್ ನನ್ನ ಕೈಗೇ ಕೊಟ್ಟರು. "ಬೇಡ. ಈಗ ನಾನು ಕೈ ಹಾಕಿದ್ರೆ ನಾಳೆ ಅವರು ನನ್ನ ಕೈ ತೋರಿಸ್ತಾರೆ. ಹೊರಗಡೆ ರಿಪೇರಿ ಮಾಡ್ಸಿದ್ದೀರಿ ಅಂತಾರೆ. ಮೊದಲು ಹೋಗಿ ಹೀಗೇ ತೋರ್ಸು."

ಕೈಗೆ ಬಂದ ಕೆಲಸವನ್ನು ಬಿಟ್ಟುಕೊಟ್ಟ ಅವರಿಗಿಂತ ಒಳ್ಳೆ ವಕೀಲರು ನನಗೆ ಸಿಗುತ್ತಿರಲಿಲ್ಲ. ಕೆಟ್ಟ ವಸ್ತುವನ್ನು ಕೆಟ್ಟ ಸ್ಥಿತಿಯಲ್ಲೇ ತೋರಿಸಬೇಕು ಅನ್ನುವ ಸಣ್ಣ ವಿಷಯ ನನಗೆ ಹೊಳೆದೇ ಇರಲಿಲ್ಲ. ಫೆವಿಕ್ವಿಕ್ ಹಚ್ಚಿ ನೋಡೋಣ ಅಂತ ಹಿಂದಿನ ರಾತ್ರಿ ಟ್ಯೂಬ್ ಹುಡುಕಿದ್ದೆ. ಸಿಗಲಿಲ್ಲ, ಪುಣ್ಯ.

ಇಲ್ಲಿ ಒಂದು ತಪ್ಪೊಪ್ಪಿಗೆ ಇದೆ. ಇದೇ ಹಿರಿಯರ ಹತ್ತಿರ ಕೆಲವು ವರ್ಷದ ಹಿಂದೆ ಇನ್ನೊಂದು ಜೊತೆ ತೆಗೆದುಕೊಂಡು ಹೋಗಿದ್ದೆ. ಹಿಮ್ಮಡಿಯ ಹತ್ತಿರ ಒಳಗಿನ ಅಸ್ತರು ಪೂರ್ತಿ ಹರಿದು ಒಳಗಿನ ಗಟ್ಟಿ ಹಲಗೆ ಕಾಣುತ್ತಿತ್ತು. ಮೋಸದ ಮಾಲು ಅಂತ ನಾನು ಕೂಗಾಡಿದ್ದೆ. ಅವರು ಲೇಸಿನ ಗಂಟನ್ನು ನೋಡಿ ನಕ್ಕಿದ್ದರು. ಆ ಗಂಟು ತಿಂಗಳುಗಟ್ಟಲೆ ಬಿಚ್ಚಿರಲಿಲ್ಲ. ಕಟ್ಟಿದ ಲೇಸಿನಲ್ಲೇ ಕಾಲು ತುರುಕುವುದು, ಒಂದು ಕಾಲಿನಿಂದ ಇನ್ನೊಂದರ ಹಿಮ್ಮಡಿ ಮೆಟ್ಟಿ ಕಳಚುವುದು. ಅಸ್ತರು ಹರಿಯದೆ ಇನ್ನೇನಾದೀತು? ಅದು ಶೂ ತಪ್ಪಲ್ಲ, ನನ್ನ ಸೋಮಾರಿತನ.

ಅದಕ್ಕೇ ಯಾವುದು ದೋಷ, ಯಾವುದು ಸವೆತ ಅನ್ನುವುದು ಸ್ವಲ್ಪ ಗೊತ್ತಿರಬೇಕು. ಹಿಮ್ಮಡಿಯ ತುದಿ ಸವೆಯುವುದು ಸಹಜ. ಬಾಗುವ ಜಾಗದಲ್ಲಿ ಚರ್ಮಕ್ಕೆ ಗೆರೆ ಬೀಳುವುದೂ ಸಹಜ. ಅದೇ ಗೆರೆ ವಾರದೊಳಗೆ ಬಿರುಕಾಗಿ ಒಡೆದರೆ ಸಹಜವಲ್ಲ. ಹೊಲಿಗೆ ಬಿಟ್ಟುಕೊಳ್ಳುವುದು, ಚಪ್ಪಲಿಯ ಉಂಗುಷ್ಟ ಬುಡಸಮೇತ ಕಿತ್ತು ಬರುವುದು, ಲೇಸಿನ ತೂತಿನ ಲೋಹದ ಬಳೆ ಉದುರುವುದು, ಬಣ್ಣ ಇಳಿದು ಕಾಲ್ಚೀಲಕ್ಕೆ ಹತ್ತುವುದು, ಒಂದು ಶೂ ಇನ್ನೊಂದಕ್ಕಿಂತ ಗಿಡ್ಡ ಇರುವುದು, ಇವೆಲ್ಲ ದೋಷದ ಕಡೆಗೇ ವಾಲುತ್ತವೆ. ಪಾದದ ಕಮಾನಿನ ಕೆಳಗೆ ಒಂದು ಗಟ್ಟಿ ಪಟ್ಟಿ ಇರುತ್ತದೆ, ಶ್ಯಾಂಕ್ ಅನ್ನುತ್ತಾರೆ. ಅದು ಮುರಿದರೆ ಹೊರಗೆ ಏನೂ ಕಾಣುವುದಿಲ್ಲ. ನಡೆದಾಗ ಕಟ್ ಅಂತ ಸದ್ದು ಬರುತ್ತದೆ, ಶೂ ನಡುವಿನಲ್ಲಿ ಮಡಚಿಕೊಳ್ಳುತ್ತದೆ.

ಹೊಸ ಚಪ್ಪಲಿ ಕಚ್ಚುತ್ತದೆ ಅನ್ನುತ್ತೇವಲ್ಲ, ಅದು ಮಾತ್ರ ಕಷ್ಟದ ವಿಷಯ. ಕಚ್ಚುವುದೆಲ್ಲ ದೋಷವಲ್ಲ. ಒಳಗೆ ಮೊಳೆಯ ತುದಿ ಅಥವಾ ಹೊಲಿಗೆಯ ಗಂಟು ಎದ್ದು ಕಚ್ಚಿದರೆ ಅದು ದೋಷ. ಅಳತೆ ಬಿಗಿಯಾಗಿ ಕಚ್ಚಿದರೆ ಅದು ನಮ್ಮ ಆಯ್ಕೆ. ಸಂಜೆ ಹೊತ್ತಿಗೆ ಕಾಲು ಸ್ವಲ್ಪ ಊದಿಕೊಂಡಿರುತ್ತದೆ. ಬೆಳಿಗ್ಗೆ ಸರಿಯಾಗಿ ಕೂತದ್ದು ಸಂಜೆ ಹಿಂಡುತ್ತದೆ. ಅಳತೆಯ ನಂಬರುಗಳೂ ಒಂದೇ ಥರ ಇಲ್ಲ. ಇಂಗ್ಲಿಷ್ ಅಳತೆಯಲ್ಲಿ ಒಂದು ನಂಬರಿಗೂ ಮುಂದಿನದಕ್ಕೂ ಮೂರನೇ ಒಂದು ಇಂಚು ವ್ಯತ್ಯಾಸ. ಯುರೋಪಿನ ಅಳತೆಯಲ್ಲಿ ಮೂರನೇ ಎರಡು ಸೆಂಟಿಮೀಟರ್. ಆದ್ದರಿಂದ ಪೆಟ್ಟಿಗೆಯ ಮೇಲಿನ ನಂಬರ್ ನಂಬಿ ಕೊಂಡು ಆಮೇಲೆ ಜಗಳಕ್ಕೆ ಹೋದರೆ ನಮ್ಮ ಕಡೆಯ ವಾದ ಸೊರಗುತ್ತದೆ.

ಇನ್ನೊಂದು ವಿಚಿತ್ರ ದೋಷ ಇದೆ. ಹೆಚ್ಚು ಜನರಿಗೆ ಗೊತ್ತಿಲ್ಲ. ಒಳ್ಳೆಯ ಶೂ ಅಂತ ಜೋಪಾನವಾಗಿ ಪೆಟ್ಟಿಗೆಯಲ್ಲಿ ಇಟ್ಟಿರುತ್ತೀರಿ. ಕೆಲವು ವರ್ಷ ಆದಮೇಲೆ ಒಂದು ಮದುವೆಗೆ ಅಂತ ತೆಗೆದು ಹಾಕಿಕೊಳ್ಳುತ್ತೀರಿ. ಹತ್ತು ಹೆಜ್ಜೆಗೆ ಅಟ್ಟೆ ಪುಡಿಪುಡಿಯಾಗಿ ಉದುರುತ್ತದೆ. ಯಾರ ಕಣ್ಣೋ ಬಿತ್ತು ಅನ್ನಿಸುತ್ತದೆ. ಕಣ್ಣಲ್ಲ, ಗಾಳಿಯಲ್ಲಿರುವ ನೀರಿನ ಪಸೆ. ಪಾಲಿಯುರೆಥೇನ್ ಅನ್ನುವ ಹಗುರವಾದ ವಸ್ತುವಿನಿಂದ ಮಾಡಿದ ಅಟ್ಟೆಯೊಳಗೆ ಈ ಪಸೆ ಸೇರಿ ಅದರ ಕಟ್ಟನ್ನೇ ಒಡೆಯುತ್ತದೆ. ಸೆಖೆ, ತೇವ ಎರಡೂ ಇದ್ದರೆ ಬೇಗ. ಹಾಕಿಕೊಂಡದ್ದಕ್ಕೆ ಹಾಳಾಯಿತು ಅನ್ನುವ ಅಂಗಡಿಯವರಿಗೆ ಹಾಕಿಕೊಳ್ಳದೆಯೇ ಹಾಳಾದ ಈ ಜೋಡಿಯನ್ನು ತೋರಿಸಬೇಕು ಅಂತ ನನಗೊಂದು ಆಸೆ.

ಇರಲಿ. ಆ ರಾತ್ರಿ ಕೂತು ಕಾನೂನು ಓದಿದೆ. ನಾನು ವಕೀಲಳಲ್ಲ. ಕಿತ್ತ ಶೂ ಮುಂದೆ ಇಟ್ಟುಕೊಂಡು ಓದಿದವಳು ಅಷ್ಟೆ.

ಹಿಂದಿನ ಕಾಲದ ನಿಯಮ ಸರಳವಾಗಿತ್ತು. ಕೊಳ್ಳುವವನೇ ಹುಷಾರಾಗಿರಬೇಕು. ನೋಡಿ ಕೊಂಡೆ ತಾನೆ, ಅನುಭವಿಸು. ಸಂತೆಯಲ್ಲಿ ಎತ್ತಿನ ಹಲ್ಲು ನೋಡಿ ಕೊಳ್ಳುವ ಕಾಲಕ್ಕೆ ಅದು ಸರಿಯೇ ಇತ್ತೇನೋ. ಕಾರ್ಖಾನೆಯಲ್ಲಿ ಮಾಡಿ ಪೆಟ್ಟಿಗೆಯಲ್ಲಿ ಮುಚ್ಚಿ ತಂದ ಮಾಲಿಗೆ ಹಲ್ಲು ಎಲ್ಲಿದೆ ನೋಡಲಿಕ್ಕೆ? 1893ರಲ್ಲಿ ಬ್ರಿಟನ್ನಿನ ಸರಕು ಮಾರಾಟ ಕಾಯ್ದೆ ಬಂತು. ಅದರ ಜಾಡಿನಲ್ಲೇ 1930ರಲ್ಲಿ ಭಾರತದ ಕಾಯ್ದೆ ಬಂತು. ವ್ಯಾಪಾರಿಯೊಬ್ಬ ತನ್ನ ಕಸುಬಿನ ಮಾಲನ್ನು ಮಾರಿದಾಗ ಅದು ಮಾರಾಟಕ್ಕೆ ಯೋಗ್ಯವಾಗಿರಬೇಕು ಅನ್ನುವ ಷರತ್ತು ಬಾಯಲ್ಲಿ ಹೇಳದಿದ್ದರೂ, ಬಿಲ್ಲಿನಲ್ಲಿ ಬರೆಯದಿದ್ದರೂ, ಆ ವ್ಯಾಪಾರದೊಳಗೇ ಇರುತ್ತದೆ ಅಂತ ಈ ಕಾಯ್ದೆಗಳು ಒಪ್ಪಿಕೊಂಡವು. ನನಗೆ ಇದು ತುಂಬ ಹಿಡಿಸಿತು. ಬಿಲ್ಲಿನ ಹಿಂದೆ ಅವರು ಬರೆದದ್ದು ಕಾಣುತ್ತದೆ. ಬಿಲ್ಲಿನಲ್ಲಿ ಬರೆಯದೆ ಇರುವ ಸಾಲೊಂದು ನನ್ನ ಪರವಾಗಿ ಇತ್ತು.

ಓದುತ್ತಾ ಹೋದಾಗ ಒಂದು ಹಳೆಯ ಮೊಕದ್ದಮೆ ಸಿಕ್ಕಿತು. ಶೂದಲ್ಲ, ಒಳಉಡುಪಿನದು. ಆದರೆ ನನ್ನ ಅಂಗಡಿ ಹುಡುಗನ ಎಲ್ಲ ಮಾತಿಗೂ ಅದರಲ್ಲಿ ಉತ್ತರ ಇತ್ತು. 1931ರಲ್ಲಿ ಆಸ್ಟ್ರೇಲಿಯಾದ ಅಡಿಲೇಡಿನಲ್ಲಿ ಡಾ. ಗ್ರಾಂಟ್ ಅನ್ನುವ ವೈದ್ಯರು ಉಣ್ಣೆಯ ಒಳಉಡುಪು ಕೊಂಡರು. ಹಾಕಿಕೊಂಡ ದಿನವೇ ತುರಿಕೆ ಶುರುವಾಯಿತು. ಅದು ಮೈಯೆಲ್ಲ ಹರಡಿ ಆಸ್ಪತ್ರೆ ಸೇರುವ ಸ್ಥಿತಿ ಬಂತು. ತಯಾರಿಯ ಹೊತ್ತಿನಲ್ಲಿ ಬಳಸಿದ ರಾಸಾಯನಿಕವನ್ನು ಸರಿಯಾಗಿ ತೊಳೆಯದೆ ಉಣ್ಣೆಯಲ್ಲೇ ಉಳಿಸಿಬಿಟ್ಟಿದ್ದರು. ಕಣ್ಣಿಗೆ ಕಾಣುವ ದೋಷ ಅಲ್ಲ ಅದು. ಗ್ರಾಂಟ್ ಅಂಗಡಿಯ ಮೇಲೂ ದಾವೆ ಹೂಡಿದರು, ತಯಾರಕರ ಮೇಲೂ ಹೂಡಿದರು. ಕೆಳಗಿನ ಕೋರ್ಟಿನಲ್ಲಿ ಗೆದ್ದರು, ಆಸ್ಟ್ರೇಲಿಯಾದ ಹೈಕೋರ್ಟಿನಲ್ಲಿ ಸೋತರು. ಕೊನೆಗೆ 1935ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್, ಅಂದರೆ ಆಗಿನ ಕೊನೆಯ ಮೇಲ್ಮನವಿಯ ಕೋರ್ಟು, ಅವರ ಪರ ತೀರ್ಪು ಕೊಟ್ಟಿತು. ತಯಾರಕರದ್ದು ನಿರ್ಲಕ್ಷ್ಯ. ಅಂಗಡಿಯವರು ಯಾವ ನಿರ್ಲಕ್ಷ್ಯವನ್ನೂ ಮಾಡಿರಲಿಲ್ಲ. ಆದರೂ ಅವರೂ ಹೊಣೆ. ಯಾಕೆಂದರೆ ದುಡ್ಡು ತೆಗೆದುಕೊಂಡು ಮಾಲು ಕೊಟ್ಟವರು ಅವರು.

ಒಳಉಡುಪಿನ ಸಲುವಾಗಿ ಅಡಿಲೇಡಿನಿಂದ ಲಂಡನ್ನಿನ ತನಕ. ಕಚೇರಿಗೆ ಅಲೆದು ಚಪ್ಪಲಿ ಸವೆಸುವುದು ಅನ್ನುತ್ತೇವಲ್ಲ, ಆ ಮನುಷ್ಯ ಎಷ್ಟು ಜೊತೆ ಸವೆಸಿದರೋ.

"ಕಂಪನಿಗೆ ಬರೀರಿ" ಅನ್ನುವ ಮಾತು ಇಲ್ಲಿಗೆ ಬಿದ್ದುಹೋಗುತ್ತದೆ. ಕಂಪನಿಯ ವಾರಂಟಿ ಇದ್ದರೆ ಅದು ನಮಗೆ ಸಿಗುವ ಇನ್ನೊಂದು ದಾರಿ. ಅಂಗಡಿಯ ಬಾಗಿಲಿಗೆ ಹಾಕುವ ಬೀಗ ಅಲ್ಲ. ನನಗೆ ಕಂಪನಿಯವರ ಮುಖವೇ ಗೊತ್ತಿಲ್ಲ. ನಾನು ದುಡ್ಡು ಎಣಿಸಿ ಕೊಟ್ಟದ್ದು ಈ ಕೌಂಟರಿನಲ್ಲಿ. ಅಂಗಡಿಯವರು ಬೇಕಾದರೆ ಕಂಪನಿಯಿಂದ ವಸೂಲು ಮಾಡಿಕೊಳ್ಳಲಿ, ಅದು ಅವರವರ ಲೆಕ್ಕ.

"ಹಾಕ್ಕೊಂಡು ಓಡಾಡಿದ್ದೀರಲ್ಲ" ಅನ್ನುವುದಕ್ಕೆ ಉತ್ತರ ಇನ್ನೂ ಸೊಗಸಾಗಿದೆ. ಬೇರೆ ಬೇರೆ ದೇಶಗಳು ಇದಕ್ಕೆ ದಿನದ ಲೆಕ್ಕ ಇಟ್ಟಿವೆ. ಬ್ರಿಟನ್ನಿನ 2015ರ ಗ್ರಾಹಕ ಹಕ್ಕುಗಳ ಕಾಯ್ದೆಯ ಪ್ರಕಾರ ದೋಷ ಇದ್ದರೆ 30 ದಿನದೊಳಗೆ ಮಾಲು ಹಿಂತಿರುಗಿಸಿ ಪೂರ್ತಿ ದುಡ್ಡು ಕೇಳಬಹುದು. ಆಮೇಲಾದರೆ ರಿಪೇರಿ ಮಾಡಲು ಅಥವಾ ಬದಲಿಸಿ ಕೊಡಲು ಅಂಗಡಿಗೆ ಒಂದು ಅವಕಾಶ. ಅದೂ ಫಲಿಸದಿದ್ದರೆ ಮತ್ತೆ ದುಡ್ಡು. ಅದರಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಇನ್ನೊಂದು. ಮೊದಲ ಆರು ತಿಂಗಳಲ್ಲಿ ದೋಷ ಕಾಣಿಸಿ ರಿಪೇರಿ, ಬದಲಿ ಅಂತ ಕೇಳಿದರೆ ಅದು ಕೊಂಡ ದಿನವೇ ಇತ್ತು ಅಂತ ಅಲ್ಲಿನ ಕಾನೂನು ಎಣಿಸುತ್ತದೆ. ಇರಲಿಲ್ಲ ಅಂತ ಸಾಬೀತು ಮಾಡುವ ಭಾರ ಅಂಗಡಿಯವರ ಮೇಲೆ. ಯುರೋಪಿನ ಒಕ್ಕೂಟದಲ್ಲಿ ಮಾರಿದವರ ಹೊಣೆ ಕಡಿಮೆ ಅಂದರೂ ಎರಡು ವರ್ಷ. 2022ರಿಂದ ಜಾರಿಗೆ ಬಂದ ಹೊಸ ನಿಯಮದಲ್ಲಿ ಈ ಸಾಬೀತಿನ ಭಾರ ಮೊದಲ ಒಂದು ವರ್ಷ ಮಾರಿದವರ ಮೇಲೇ ಇರುತ್ತದೆ. ಮೊದಲು ಅದು ಆರು ತಿಂಗಳಿತ್ತು. ಆಸ್ಟ್ರೇಲಿಯಾದಲ್ಲಂತೂ ದೋಷ ದೊಡ್ಡದಾಗಿದ್ದರೆ ದುಡ್ಡು ಬೇಕೋ ಬದಲಿ ಬೇಕೋ ಅಂತ ಆರಿಸುವವರು ಗ್ರಾಹಕರೇ. ದುಡ್ಡು ವಾಪಸ್ ಇಲ್ಲ ಅಂತ ಸಾರಾಸಗಟಾಗಿ ಬೋರ್ಡ್ ತೂಗುಹಾಕುವುದೇ ಅಲ್ಲಿ ತಪ್ಪು.

ಭಾರತದ ಈಗಿನ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರದ್ದು, 2020ರ ಜುಲೈ 20ರಿಂದ ಜಾರಿಯಲ್ಲಿದೆ. ದೋಷ ಇರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಬಿಲ್ಲಿನಲ್ಲಿ ಏನೂ ಹೇಳದಿದ್ದರೆ 30 ದಿನದೊಳಗೆ, ವಾಪಸ್ ತೆಗೆದುಕೊಂಡು ದುಡ್ಡು ಕೊಡಲು ಒಪ್ಪದಿರುವುದನ್ನು ಅದು ಅನುಚಿತ ವ್ಯಾಪಾರ ಪದ್ಧತಿಗಳ ಸಾಲಿಗೆ ಸೇರಿಸಿದೆ. ಬಿಲ್ಲು ಕೊಡದಿರುವುದೂ ಅದೇ ಸಾಲಿನಲ್ಲಿದೆ. ದೂರು ಕೊಡಲು ಎರಡು ವರ್ಷ ಸಮಯ ಇದೆ. ನಾವು ಇರುವ ಅಥವಾ ಕೆಲಸ ಮಾಡುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ಕೊಡಬಹುದು, ಅಂಗಡಿ ಇರುವ ಊರಿಗೇ ಓಡಬೇಕಾಗಿಲ್ಲ. ಅದಕ್ಕೂ ಮೊದಲು 1915ಕ್ಕೆ ಫೋನ್ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯವರು ದೂರು ಬರೆದುಕೊಳ್ಳುತ್ತಾರೆ. ಮಾಲನ್ನು ಲ್ಯಾಬಿಗೆ ಕಳಿಸಿ ನೋಡಬೇಕಾದ ಸಂದರ್ಭ ಬಂದರೆ ಆಯೋಗವೇ ಕಳಿಸಬಹುದು. ಅಂದರೆ ನನ್ನ ಆ ಹಿರಿಯರು ಹೆಬ್ಬೆರಳಿನಿಂದ ಮಾಡಿದ ಕೆಲಸವನ್ನು ಅಲ್ಲಿ ಯಂತ್ರದಿಂದ ಮಾಡಿಸುತ್ತಾರೆ.

ದಿನಗಳ ಲೆಕ್ಕ ದೇಶಕ್ಕೊಂದು. ಆದರೆ ಹಾಕಿಕೊಂಡದ್ದೇ ತಪ್ಪು ಅಂತ ಇವುಗಳಲ್ಲಿ ಯಾವುದೂ ಹೇಳಿಲ್ಲ.

ಕಾನೂನಿನಲ್ಲಿ ನಮ್ಮ ಪರ ಇಲ್ಲದ ಸಂಗತಿಗಳೂ ಇವೆ. ಮನಸ್ಸು ಬದಲಾಯಿತು, ಬಣ್ಣ ಸೀರೆಗೆ ಒಪ್ಪಲಿಲ್ಲ, ಮನೆಯಲ್ಲಿ ಬೈದರು ಅಂತ ಹಿಂತಿರುಗಿಸುವುದು ಹಕ್ಕಲ್ಲ. ಅಂಗಡಿಯವರು ಬದಲಿಸಿ ಕೊಟ್ಟರೆ ಅದು ಅವರ ಸೌಜನ್ಯ. ಕೊಳ್ಳುವ ಮೊದಲೇ ತೋರಿಸಿ, ಇಲ್ಲೊಂದು ಗೀರಿದೆ, ಅದಕ್ಕೇ ಕಡಿಮೆ ಬೆಲೆ ಅಂತ ಹೇಳಿ ಕೊಟ್ಟಿದ್ದರೆ ಆ ಗೀರಿನ ಬಗ್ಗೆ ಆಮೇಲೆ ತಕರಾರು ಮಾಡುವ ಹಾಗಿಲ್ಲ. ಗೀರಿನ ಶೂನಲ್ಲಿ ಅಟ್ಟೆ ಕಿತ್ತರೆ ಬೇರೆ ಮಾತು. ಸೇಲ್‌ನಲ್ಲಿ ಕೊಂಡದ್ದಕ್ಕೆ ಹಕ್ಕೇ ಇಲ್ಲ ಅನ್ನುವ ನಂಬಿಕೆ ಜಾಸ್ತಿ ಜನರಲ್ಲಿದೆ. ಬೆಲೆ ಇಳಿದ ಮಾತ್ರಕ್ಕೆ ಅಂಟು ಸಡಿಲ ಇರಬಹುದು ಅಂತ ಯಾರೂ ಒಪ್ಪಿಕೊಂಡಿರುವುದಿಲ್ಲ, ಅಲ್ವಾ? ಮನೆಯೊಳಗೆ ಹಾಕುವ ಮೆತ್ತನೆ ಚಪ್ಪಲಿಯಲ್ಲಿ ಬೆಟ್ಟ ಹತ್ತಿ ಅದು ಹರಿದರೆ ಮಾತ್ರ ಬಾಯಿ ಮುಚ್ಚಿಕೊಂಡು ಇರಬೇಕು.

ಎರಡನೇ ಸಲ ಅಂಗಡಿಗೆ ಹೋದಾಗ ಒಂದೇ ಕವರ್ ತೆಗೆದುಕೊಂಡೆ. ಅದೂ ಪಾರದರ್ಶಕ ಕವರ್. ಬೇಕೆಂದೇ. ಬಿಲ್ಲು ಜೊತೆಗಿತ್ತು. ಅದರ ಫೋಟೋ ಕೂಡ ಮೊಬೈಲಿನಲ್ಲಿತ್ತು, ಯಾಕೆಂದರೆ ಈಗಿನ ಬಿಲ್ಲುಗಳ ಅಕ್ಷರ ಕೆಲವೇ ತಿಂಗಳಲ್ಲಿ ಮಾಯವಾಗುತ್ತದೆ. ಕಾಗದಕ್ಕೆ ಶಾಯಿ ಹಾಕುವುದಿಲ್ಲ, ಬಿಸಿ ತಾಗಿಸಿ ಕಪ್ಪು ಮಾಡುತ್ತಾರೆ. ಬಿಸಿಲಿಗೋ ಸೆಖೆಗೋ ಅದು ಅಳಿಸಿಹೋಗುತ್ತದೆ. ಬಾಯಿ ಬಿಟ್ಟ ಜಾಗದ ನಾಲ್ಕು ಫೋಟೋ ತೆಗೆದಿದ್ದೆ. ಎಡಗಾಲಿನದ್ದನ್ನೂ ಒಯ್ದಿದ್ದೆ. ಅದು ಗಟ್ಟಿಯಾಗಿಯೇ ಇತ್ತು. ನಡೆದದ್ದು ಎರಡೂ ಕಾಲಲ್ಲಿ ತಾನೆ?

ಅದೇ ಹುಡುಗ. ಅದೇ ಮಾತು. ಆದರೆ ಈ ಸಲ ನನಗೆ ಉತ್ತರ ಗೊತ್ತಿತ್ತು.

"ಹೌದಪ್ಪಾ, ಹಾಕ್ಕೊಂಡು ಓಡಾಡಿದೀನಿ. ಅದಕ್ಕೇ ಗೊತ್ತಾಗಿದ್ದು" ಅಂದೆ.

ಅವನು ಒಳಗೆ ಹೋಗಿ ಮ್ಯಾನೇಜರನ್ನು ಕರೆದುಕೊಂಡು ಬಂದ. ಮ್ಯಾನೇಜರ್ ಬೋರ್ಡಿನ ಕಡೆ ಕೈ ತೋರಿಸಿದರು. ನಾನು ಶೂ ಕಡೆ ಕೈ ತೋರಿಸಿದೆ. "ಸರ್, ಇಷ್ಟ ಆಗಲಿಲ್ಲ ಅಂತ ತಂದಿಲ್ಲ. ಇಲ್ಲಿ ಬೆರಳು ಹಾಕಿ ನೋಡಿ. ಅಂಟು ಒಂದೇ ಕಡೆ ಇದೆ. ಚರ್ಮಕ್ಕೆ ಹಿಡಿದೇ ಇಲ್ಲ. ನಾನು ಎಡವಿದ್ರೆ ತುದಿಯಲ್ಲಿ ಗೀರು ಇರಬೇಕಿತ್ತು. ತೋರಿಸಿ ನೋಡೋಣ" ಅಂದೆ. ದನಿ ಏರಿಸಲಿಲ್ಲ. ಏರಿಸಿದ್ದರೆ ವಿಷಯ ಶೂನಿಂದ ನನ್ನ ದನಿಯ ಕಡೆಗೆ ಜಾರುತ್ತಿತ್ತು. ಹಾಗೆ ಜಾರಿಹೋದ ಜಗಳಗಳನ್ನು ಬೇಕಾದಷ್ಟು ನೋಡಿದ್ದೇನೆ.

ಅವರು ಬೆರಳು ಹಾಕಲಿಲ್ಲ. ಟಾರ್ಚ್ ಬಿಟ್ಟು ನೋಡಿದರು. ಒಂದು ನಿಮಿಷ ಸುಮ್ಮನಿದ್ದರು.

"ಗಮ್ ಹಾಕ್ಸಿ ಕೊಡೋಣ ಮೇಡಂ."

"ಹಾಕ್ಸಿ. ಆದರೆ ಮತ್ತೆ ಕಿತ್ತರೆ ದುಡ್ಡು ವಾಪಸ್ ಅಂತ ಈ ಬಿಲ್ಲಿನ ಮೇಲೆ ಬರೆದು ಸಹಿ ಮಾಡಿ ಕೊಡಿ."

ಅವರು ಪೆನ್ನು ತೆಗೆದರು. ಮತ್ತೆ ಜೇಬಿಗೆ ಇಟ್ಟರು. ತಾವು ಹಾಕಿಸುವ ಅಂಟಿನ ಮೇಲೆ ತಮಗೇ ನಂಬಿಕೆ ಇರಲಿಲ್ಲ ಅಂತ ಕಾಣುತ್ತದೆ. "ಬೇರೆ ಜೊತೆ ತಗೊಂಡುಬಿಡಿ" ಅಂದರು. ಅದೇ ಮಾದರಿಯ ಇನ್ನೊಂದು ಪೆಟ್ಟಿಗೆ ತೆಗೆಸಿದರು. ನಾನು ಅದರ ಅಂಚನ್ನು ಹೆಬ್ಬೆರಳಿನಲ್ಲಿ ಸ್ವಲ್ಪ ಎಳೆದು ನೋಡಿದೆ. ಹುಡುಗನೂ ಬಗ್ಗಿ ನೋಡಿದ. ಬಲಗಾಲಿನದ್ದು ತುದಿಯಲ್ಲಿ ಕೂದಲೆಳೆಯಷ್ಟು ಬಿಟ್ಟುಕೊಂಡಿತ್ತು. ಯಾರೂ ಮಾತಾಡಲಿಲ್ಲ. ಆ ಪೆಟ್ಟಿಗೆ ಎಲ್ಲಿಗೆ ಹೋಯಿತೋ, ಯಾರ ಕಾಲಿಗೆ ಹೋಯಿತೋ ಅನ್ನುವುದು ಇವತ್ತಿಗೂ ಆಗಾಗ ತಲೆಗೆ ಬರುತ್ತದೆ. ಅವತ್ತೇ ಕೇಳಬೇಕಿತ್ತು.

ಮ್ಯಾನೇಜರ್ ದುಡ್ಡು ಎಣಿಸಿ ಕೊಟ್ಟರು. ಮುಖ ಗಂಟಿಕ್ಕಿಕೊಂಡೇ ಕೊಟ್ಟರು. ಕಾನೂನಿನ ಹೆಸರು ನಾನು ಒಂದು ಸಲವೂ ಎತ್ತಿರಲಿಲ್ಲ. ರಾತ್ರಿ ಓದಿದ್ದೆಲ್ಲ ಹೊರಗೆ ಬರಲೇ ಇಲ್ಲ. ಬೆನ್ನ ಹಿಂದಿದ್ದ ಕವರನ್ನು ಮುಂದಕ್ಕೆ ತರುವಷ್ಟಕ್ಕೆ ಮಾತ್ರ ಅದು ಉಪಯೋಗಕ್ಕೆ ಬಂತು.

ದುಡ್ಡನ್ನು ಪರ್ಸಿಗೆ ಹಾಕುತ್ತಿದ್ದಾಗ ಕಾಲೇಜಿಗೆ ಹೋಗುವ ವಯಸ್ಸಿನ ಒಬ್ಬ ಹುಡುಗಿ ಒಳಗೆ ಬಂದಳು. ಕೈಯಲ್ಲಿ ಒಂದು ಕವರ್. ಅದರ ಒಳಗೆ ಇನ್ನೊಂದು ಕವರ್. ಕೌಂಟರಿನ ಹತ್ತಿರ ಬಂದು ಅದನ್ನು ಮೇಲಿಡಲೋ ಬೇಡವೋ ಅಂತ ನಿಂತಳು. ಹುಡುಗ ಕವರಿನೊಳಗೆ ಇಣುಕಿ ನೋಡಿದ.

"ಹಾಕ್ಕೊಂಡು ಓಡಾಡಿದ್ದೀರಲ್ಲ..." ಅಂತ ಶುರು ಮಾಡಿದವನು ನನ್ನ ಕಡೆ ನೋಡಿ ಅರ್ಧಕ್ಕೇ ನಿಲ್ಲಿಸಿದ. ನನ್ನ ಕೆಲಸ ಮುಗಿದಿತ್ತು. ಆದರೂ ಬಿಲ್ಲು ಮಡಚುವ ನೆಪದಲ್ಲಿ ಅಲ್ಲೇ ಸ್ವಲ್ಪ ಹೊತ್ತು ನಿಂತೆ.